ಮೂಲೆಮಟ್ಟ ಯಾರದು?

ಬೆಳಗಿನ ಎಂಟು ಗಂಟೆಯ ಹೊತ್ತಿಗೆ ಭಾಂಡುಪ್‌ನಂಥ ಉಪನಗರದ ಯಾವ ನಾಕಾದಲ್ಲಿ ನಿಂತರೂ ಅಲ್ಲಿ ಕೂಲಿಗೆ ಬಂದವರಲ್ಲಿ ಯಾರು ಯಾವ ಕಸುಬಿನವರು ಎಂದು ಕೇಳಿ ತಿಳಿಯಬೇಕಾಗಿಲ್ಲ. ಬ್ರಷ್ ಹಿಡಿದವನು ಪೇಂಟರ್. ಗರಗಸ ಇದ್ದವನು ಬಡಗಿ. ಪ್ಲಾಸ್ಟಿಕ್ ಚೀಲದಿಂದ ಥಾಪಿಯ ಹಿಡಿಯೋ ಗುನ್ಯಾದ ತುದಿಯೋ ಹೊರಗೆ ಚಾಚಿದ್ದರೆ ಆತ ಗವಂಡಿ. ಬರಿಗೈಯಲ್ಲಿ ನಿಂತವನು ಬಿಗಾರಿ. ಗುತ್ತಿಗೆದಾರ ಮೊದಲು ನೋಡುವುದು ಮುಖವನ್ನಲ್ಲ, ಚೀಲವನ್ನು. ಚೀಲ ನೋಡಿದ ಮೇಲೆ ಕೂಲಿಯ ಮಾತು. ಆ ಮಾತು ಮರಾಠಿಯಲ್ಲೋ ಹಿಂದಿಯಲ್ಲೋ ನಡೆಯುತ್ತದೆ. ಆದರೆ ಕೂಲಿ ಕುದುರದೆ ಹಿಂದಕ್ಕೆ ಸರಿದವರು ತಮ್ಮತಮ್ಮಲ್ಲಿ ಗೊಣಗುವ ಮಾತಿನಲ್ಲಿ ಎಷ್ಟೋ ಸಲ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕೇಳಿಸುತ್ತದೆ.

ಗುನ್ಯಾ ಎಂದರೆ ಕನ್ನಡದ ಮೂಲೆಮಟ್ಟ. ಎರಡು ಪಟ್ಟಿಗಳನ್ನು ಲಂಬಕೋನದಲ್ಲಿ ಕೂಡಿಸಿದ, ಗೋಡೆಯ ಮೂಲೆ ನೆಟ್ಟಗಿದೆಯೋ ಇಲ್ಲವೋ ಎಂದು ಹೇಳುವ ಉಪಕರಣ. ಭಾಂಡುಪ್‌ನಿಂದ ಸ್ಲೋ ಲೋಕಲ್ ಹಿಡಿದರೆ ಮುಕ್ಕಾಲು ಗಂಟೆಯ ಆಚೀಚೆ ಸಿಎಸ್‌ಎಂಟಿ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಫೋರ್ಟ್ ಪ್ರದೇಶದಲ್ಲಿ, ಫ್ರೀಮೇಸನ್ಸ್ ಹಾಲ್ ಇದೆ. ಅಲ್ಲಿಯೂ ಮೂಲೆಮಟ್ಟವಿದೆ. ಆದರೆ ಅದು ಚೀಲದಲ್ಲಿಲ್ಲ. ಲಾಡ್ಜಿನ ಅಧ್ಯಕ್ಷನಾದ ಮಾಸ್ಟರ್ ಅದನ್ನು ಪದಕವಾಗಿ ಕೊರಳಿಗೆ ಹಾಕಿಕೊಳ್ಳುತ್ತಾನೆ. ಅವನ ನಂತರದ ಅಧಿಕಾರಿಯ ಪದಕ ರಸಮಟ್ಟ, ಮೂರನೆಯವನದು ತೂಗುಗುಂಡು. ಮೂರೂ ಗವಂಡಿಯ ಉಪಕರಣಗಳು. ಮೂರನ್ನೂ ಧರಿಸಿದವರಲ್ಲಿ ಗವಂಡಿ ಮಾತ್ರ ಇರುವುದಿಲ್ಲ.

ಮೂಲೆಮಟ್ಟ ಮತ್ತು ಕೈವಾರ ಒಂದರ ಮೇಲೊಂದು ಕೂತ ಈ ಚಿಹ್ನೆಯ ಹುಟ್ಟು ಎಲ್ಲಿ, ಅದರ ಅರ್ಥವೇನು ಎಂಬ ಬಗ್ಗೆ ರಾಶಿ ರಾಶಿ ಬರೆಹಗಳಿವೆ. ಬಹುಪಾಲು ಬರೆಹಗಳು ಅದನ್ನು ರಾಜನ ಆಸ್ಥಾನದಲ್ಲೋ ಋಷಿಯ ಆಶ್ರಮದಲ್ಲೋ ಪಿರಮಿಡ್ಡಿನ ಕತ್ತಲೆಯಲ್ಲೋ ಹುಡುಕುತ್ತವೆ. ಹುಡುಕಬೇಕಾದ ಜಾಗ ಬೇರೆ. ಅದು ಕೂಲಿಯ ಲೆಕ್ಕದ ಪುಸ್ತಕ.

ರಾಜನೂ ಬೇಕು, ಋಷಿಯೂ ಬೇಕು

ಮೊದಲ ಕಥೆ ಫ್ರೀಮೇಸನರದೇ. ಅವರ ಮೂರು ಡಿಗ್ರಿಗಳ ವಿಧಿಗಳು ಜೆರುಸಲೇಮಿನ ಸೊಲೊಮನ್ ದೊರೆಯ ದೇವಾಲಯದ ಸುತ್ತ ಹೆಣೆದಿವೆ. ಅದನ್ನು ಕಟ್ಟಿದ ಹಿರಾಮ್ ಎಂಬ ಶಿಲ್ಪಿಯನ್ನು, ಗುಟ್ಟು ಬಿಟ್ಟುಕೊಡಲಿಲ್ಲವೆಂದು ಮೂವರು ಕೆಲಸಗಾರರು ಕೊಂದರು ಎಂಬುದು ಮೂರನೆಯ ಡಿಗ್ರಿಯ ತಿರುಳು. ಬೈಬಲ್ಲಿನ ಅರಸುಗಳ ಗ್ರಂಥದಲ್ಲಿ ಹಿರಾಮನಿದ್ದಾನೆ. ಆತ ಟೈರ್ ಪಟ್ಟಣದಿಂದ ಬಂದ ಕಂಚುಗಾರ. ಅವನ ಕೊಲೆಯ ಸುದ್ದಿ ಅಲ್ಲಿ ಇಲ್ಲ. ಆ ಕೊಲೆಯ ಕಥೆಯನ್ನು ಮೂರು ಡಿಗ್ರಿಗಳ ಸಮೇತ ಅಚ್ಚಿನಲ್ಲಿ ಬಯಲು ಮಾಡಿದವನು ಸ್ಯಾಮ್ಯುಯೆಲ್ ಪ್ರಿಚರ್ಡ್, 1730ರಲ್ಲಿ, ಲಂಡನ್ನಿನಲ್ಲಿ. ಸಾವಿರಾರು ವರ್ಷ ಹಳೆಯದು ಎನ್ನಲಾಗುವ ರಹಸ್ಯಕ್ಕೆ ಸಿಗುವ ಕಾಗದಪತ್ರದ ವಯಸ್ಸು ಮುನ್ನೂರು ವರ್ಷದ ಆಸುಪಾಸು.

ಇನ್ನು ಅದೇ ಅರಸುಗಳ ಗ್ರಂಥ ಹೇಳುವ, ಲಾಡ್ಜುಗಳು ಅಷ್ಟಾಗಿ ಎತ್ತದ ಮಾತು ಒಂದಿದೆ. ಸೊಲೊಮನ್ ಆ ದೇವಾಲಯಕ್ಕಾಗಿ 30,000 ಜನರನ್ನು ಬಿಟ್ಟಿ ಕೆಲಸಕ್ಕೆ ಹಿಡಿದ. 70,000 ಜನ ಹೊರೆ ಹೊತ್ತರು. 80,000 ಜನ ಗುಡ್ಡದಲ್ಲಿ ಕಲ್ಲು ಕಡಿದರು. ಸಂಖ್ಯೆ ಉತ್ಪ್ರೇಕ್ಷೆಯೇ ಇರಲಿ, ಬಿಟ್ಟಿಯ ಮಾತನ್ನು ಗ್ರಂಥವೇ ಮುಚ್ಚಿಟ್ಟಿಲ್ಲ. ಮುಂಬಯಿಯ ನಾಕಾದಲ್ಲಿ ಬರಿಗೈಯವನಿಗೆ ಹೇಳುವ ‘ಬಿಗಾರಿ’ ಎಂಬ ಹೆಸರೂ ‘ಬೇಗಾರ್’ ಎಂಬ ಪಾರಸಿ ಪದದಿಂದ ಬಂದದ್ದು. ಅದರ ಅರ್ಥವೂ ಬಿಟ್ಟಿ ದುಡಿಮೆ. ಸೊಲೊಮನ್ನನ ದೇವಾಲಯಕ್ಕೂ ಭಾಂಡುಪ್‌ಗೂ ನಂಟು ಹುಡುಕಲೇಬೇಕೆಂದರೆ ಅದು ಈ ಒಂದು ಪದದಲ್ಲಿದೆ.

ಎರಡನೆಯ ಕಥೆ ಇಲ್ಲಿಯದು. ಮೇಲ್ಮುಖದ ಕೈವಾರ ಶಿವ, ಕೆಳಮುಖದ ಮೂಲೆಮಟ್ಟ ಶಕ್ತಿ, ಎರಡೂ ಕೂಡಿದರೆ ಷಟ್ಕೋಣ. ಆದ್ದರಿಂದ ಫ್ರೀಮೇಸನರಿಯೇ ವೈದಿಕ ಮೂಲದ್ದು ಎಂಬ ವಾದ. ಷಟ್ಕೋಣ ಅನಾಹತ ಚಕ್ರದಲ್ಲಿದೆ, ಸುಬ್ರಹ್ಮಣ್ಯನ ಯಂತ್ರದಲ್ಲಿದೆ ಎಂಬುದು ನಿಜ. ದಿಲ್ಲಿಯ ಹುಮಾಯೂನನ ಸಮಾಧಿಯ ಗೋಡೆಯ ಮೇಲೂ ಅದಿದೆ. ಮುಸ್ಲಿಂ ಜಗತ್ತಿನಲ್ಲಿ ಅದಕ್ಕೆ ಸುಲೈಮಾನನ ಮುದ್ರೆ ಎಂಬ ಹೆಸರು. ಎರಡು ತ್ರಿಕೋಣಗಳನ್ನು ಒಂದರ ಮೇಲೊಂದು ಇಡುವುದು ಯಾವ ನಾಡಿನ ಮಗುವಿಗೂ ಬರುವ ಆಟ. ಚೀನಾದಲ್ಲಿ ಹಾನ್ ಅರಸರ ಕಾಲದ ಸಮಾಧಿಗಳಲ್ಲಿ ಫೂಶಿ ಮತ್ತು ನೂವಾ ಎಂಬ ಆದಿದಂಪತಿ ಕೈಯಲ್ಲಿ ಮೂಲೆಮಟ್ಟ, ಕೈವಾರ ಹಿಡಿದೇ ನಿಂತಿದ್ದಾರೆ. ಷಟ್ಕೋಣಕ್ಕಿಂತ ಅದು ಲಾಡ್ಜಿನ ಚಿಹ್ನೆಗೆ ಎಷ್ಟೋ ಹತ್ತಿರ. ಆದರೂ ಲಂಡನ್ನಿನ ಲಾಡ್ಜು ಚೀನಾದಿಂದ ಬಂತು ಎಂದು ಯಾರೂ ಹೇಳುವುದಿಲ್ಲ. ರೂಪ ಒಂದೇ ಆದ ಮಾತ್ರಕ್ಕೆ ವಂಶ ಒಂದೇ ಆಗುವುದಿಲ್ಲ.

ಮೂರನೆಯದು ಭಯದ ಕಥೆ: ಲಾಡ್ಜು ಎಂದರೆ ಭೂತ ಬಂಗಲೆ, ಅಲ್ಲಿ ಜಗತ್ತನ್ನು ಆಳುವ ಸಂಚು ನಡೆಯುತ್ತದೆ ಎಂಬುದು. ಕಿಪ್ಲಿಂಗನ ‘ಕಿಮ್’ ಕಾದಂಬರಿಯಲ್ಲೇ (1901) ಲಾಡ್ಜಿಗೆ ‘ಜಾದೂಘರ್’ ಎಂಬ ಹೆಸರಿದೆ. ಈಗ ಆ ಭಯ ಡಾಲರ್ ನೋಟಿನ ಕಣ್ಣಿನ ತನಕ ಬೆಳೆದಿದೆ.

ಮೂರೂ ಕಥೆಗಳು ಒಂದನ್ನೊಂದು ಹಂಗಿಸುತ್ತವೆ. ಆದರೆ ಮೂರರ ಕೆಲಸವೂ ಒಂದೇ. ಮೂಲೆಮಟ್ಟವನ್ನು ಕಂಡೊಡನೆ ಅದಕ್ಕೊಬ್ಬ ರಾಜನನ್ನೋ ದೇವರನ್ನೋ ಸೈತಾನನನ್ನೋ ಪೂರ್ವಜನಾಗಿ ಹುಡುಕಿಕೊಡುವುದು. ಗೋಡೆ ಕಟ್ಟುವವನೊಬ್ಬ ಗೋಡೆ ಕಟ್ಟುವುದಕ್ಕೆಂದೇ ಅದನ್ನು ಹಿಡಿದಿದ್ದ ಎಂಬ ಸರಳ ಉತ್ತರ ಯಾರಿಗೂ ರುಚಿಸುವುದಿಲ್ಲ.

ನಾಲ್ಕು ಪೆನ್ನಿಯ ಮೇಸನ್

ಹದಿನಾಲ್ಕನೆಯ ಶತಮಾನದ ನಡುವೆ ಇಂಗ್ಲೆಂಡನ್ನು ಪ್ಲೇಗ್ ಬಡಿಯಿತು. ಊರಿಗೆ ಊರೇ ಬರಿದಾಯಿತು. ಬದುಕಿ ಉಳಿದ ಕೆಲಸಗಾರರಿಗೆ ಬೇಡಿಕೆ ಹೆಚ್ಚಿ ಅವರು ಹೆಚ್ಚು ಕೂಲಿ ಕೇಳತೊಡಗಿದರು. ಅದನ್ನು ತಡೆಯಲು 1351ರಲ್ಲಿ ಕಾರ್ಮಿಕರ ಶಾಸನ ಬಂತು. ಯಾವ ಕಸುಬಿಗೆ ದಿನಕ್ಕೆ ಎಷ್ಟು ಎಂದು ಪಾರ್ಲಿಮೆಂಟೇ ಗೆರೆ ಎಳೆಯಿತು. ಅದರಲ್ಲಿ ‘ಫ್ರೀಸ್ಟೋನ್’ ಕೆತ್ತುವ ಮುಖ್ಯ ಮೇಸನ್ನನಿಗೆ ದಿನಕ್ಕೆ ನಾಲ್ಕು ಪೆನ್ನಿ. ಫ್ರೀಸ್ಟೋನ್ ಎಂದರೆ ಪದರ ಸಿಡಿಯದೆ ಯಾವ ದಿಕ್ಕಿಗಾದರೂ ಹದವಾಗಿ ಕೆತ್ತಬಹುದಾದ ನಯವಾದ ಕಲ್ಲು. ‘ಫ್ರೀಮೇಸನ್’ ಎಂಬ ಹೆಸರಿನ ಹಿಂದೆ ಈ ಕಲ್ಲಿದೆ ಎಂಬುದೇ ಇದ್ದುದರಲ್ಲಿ ಗಟ್ಟಿಯಾದ ವಿವರಣೆ. ಜಗತ್ತಿನ ಅತಿ ಗುಟ್ಟಿನದೆನ್ನುವ ಸಂಘದ ಹೆಸರು ಸಿಗುವುದು ಒಂದು ಕೂಲಿ ದರದ ಪಟ್ಟಿಯಲ್ಲಿ.

ಶಾಸನ ಬಂದಿತೆಂದು ಮೇಸನರು ಸುಮ್ಮನಾಗಲಿಲ್ಲ. ವರ್ಷಕ್ಕೊಮ್ಮೆ ಸಭೆ ಸೇರುತ್ತಿದ್ದರು. 1425ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಮೇಸನರ ಈ ವಾರ್ಷಿಕ ಕೂಟಗಳನ್ನೇ ನಿಷೇಧಿಸಿತು. ಕಾರಣವನ್ನೂ ಮರೆಮಾಚಲಿಲ್ಲ: ಇಂಥ ಕೂಟಗಳಿಂದ ಕಾರ್ಮಿಕ ಶಾಸನ ಮುರಿದುಬೀಳುತ್ತಿದೆ. ಮಾಟವೂ ಇಲ್ಲ, ದೇವದ್ರೋಹವೂ ಇಲ್ಲ. ಕೂಲಿ ಹೆಚ್ಚು ಕೇಳುತ್ತಿದ್ದಾರೆ ಎಂಬುದೊಂದೇ ಆಕ್ಷೇಪ.

ಆ ಮೇಸನರು ತಮ್ಮೊಳಗೆ ಏನು ಮಾತಾಡಿಕೊಳ್ಳುತ್ತಿದ್ದರು ಎಂಬುದಕ್ಕೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಸಾಕ್ಷಿಯಿದೆ. ಸುಮಾರು 1390ರದು ಎನ್ನಲಾಗುವ, 794 ಸಾಲುಗಳ ಹಸ್ತಪ್ರತಿ ಅದು. ‘ರೀಜಿಯಸ್ ಪದ್ಯ’ ಎಂದು ಅದಕ್ಕೆ ಹೆಸರು. ಫ್ರೀಮೇಸನರೇ ತಮ್ಮ ಅತಿ ಹಳೆಯ ದಾಖಲೆ ಎಂದು ಹೆಮ್ಮೆಪಡುವುದು ಇದನ್ನು. ಅದರ ನಿಯಮಗಳನ್ನು ಓದಿದವರಿಗೆ ಮಂತ್ರತಂತ್ರ ಸಿಗದೆ ನಿರಾಸೆಯಾದೀತು. ಧಾನ್ಯದ ಬೆಲೆ ಏರಿದಂತೆ ಕೆಲಸಗಾರರಿಗೆ ಕೂಲಿ ಕೊಡಬೇಕು. ಶಿಷ್ಯವೃತ್ತಿ ಏಳು ವರ್ಷ. ರಾತ್ರಿ ಕೆಲಸ ಮಾಡಿಸಕೂಡದು. ಒಬ್ಬ ಹಿಡಿದ ಕೆಲಸವನ್ನು ಇನ್ನೊಬ್ಬ ಕಸಿಯಕೂಡದು. ನಾಳೆಯಿಂದ ಕೆಲಸವಿಲ್ಲ ಎನ್ನುವುದಿದ್ದರೆ ಯಜಮಾನ ಮಧ್ಯಾಹ್ನದೊಳಗೆ ಹೇಳಬೇಕು. ಆರುನೂರು ವರ್ಷ ಕಳೆದ ಮೇಲೂ ಈ ಕೊನೆಯ ನಿಯಮವನ್ನು ನಾಕಾದಲ್ಲಿ ಯಾರೂ ಕೇಳಿಲ್ಲ. ಅಲ್ಲಿ ಹತ್ತು ಗಂಟೆಯಾದರೂ ಯಾರೂ ಕರೆಯದಿದ್ದರೆ, ಆವತ್ತು ಕೆಲಸವಿಲ್ಲ ಎಂದು ಬಿಸಿಲೇ ಹೇಳುತ್ತದೆ.

ಪುರಾಣದ ಹಂಬಲ ಆ ಪದ್ಯಕ್ಕೂ ಇತ್ತು ಎಂಬುದನ್ನು ಒಪ್ಪಬೇಕು. ಯೂಕ್ಲಿಡ್ ಈಜಿಪ್ಟಿನಲ್ಲಿ ಈ ವಿದ್ಯೆಯನ್ನು ಸ್ಥಾಪಿಸಿದ ಎಂದು ಅದು ಕಥೆ ಹೇಳುತ್ತದೆ. ಆದರೆ ಯಾಕೆ ಸ್ಥಾಪಿಸಿದ? ದೊಡ್ಡವರ ಮನೆಗಳಲ್ಲಿ ಮಕ್ಕಳು ಹೆಚ್ಚಾಗಿ ಅವರಿಗೆ ಬದುಕುವ ದಾರಿಯಿಲ್ಲದೆ ಹೋಯಿತು, ಹೊಟ್ಟೆಪಾಡಿಗೆ ಒಂದು ಕಸುಬು ಬೇಕಾಯಿತು ಎಂಬುದೇ ಪದ್ಯ ಕೊಡುವ ಕಾರಣ. ಅವರ ಪುರಾಣದ ಬುಡದಲ್ಲೂ ಇರುವುದು ಅನ್ನದ ಚಿಂತೆ.

ಗುಟ್ಟಿನ ಮಾತಿಗೂ ಇಂಥದೇ ಹುಟ್ಟು. ಸ್ಕಾಟ್ಲೆಂಡಿನ ಮೇಸನರಲ್ಲಿ ‘ಮೇಸನ್ ವರ್ಡ್’ ಎಂಬ ಪದ್ಧತಿಯಿತ್ತು. 1598ರಲ್ಲಿ ವಿಲಿಯಂ ಶಾ ಎಂಬ ಅರಮನೆಯ ಕಾಮಗಾರಿ ಅಧಿಕಾರಿ ಅಲ್ಲಿನ ಲಾಡ್ಜುಗಳಿಗೆ ನಿಯಮಾವಳಿ ಬರೆದುಕೊಟ್ಟ. ಹದಿನೇಳನೆಯ ಶತಮಾನದ ದಾಖಲೆಗಳಲ್ಲಿ ಈ ಗುಪ್ತಪದದ ಮಾತು ಬರುತ್ತದೆ. ಊರೂರು ಅಲೆದು ಕೆಲಸ ಹುಡುಕುವ ಮೇಸನ್ ಹೊಸ ಜಾಗದಲ್ಲಿ ತಾನು ಕ್ರಮವಾಗಿ ಕಲಿತವನು ಎಂದು ತೋರಿಸಬೇಕಿತ್ತು. ಓದು ಬರಹ ಬಾರದ ಕಾಲದಲ್ಲಿ ಕಾಗದ ನಡೆಯದು. ಆಗ ಒಂದು ಪದ, ಒಂದು ಕೈಹಿಡಿತ, ಒಂದು ಸನ್ನೆಯೇ ಗುರುತಿನ ಚೀಟಿ. ಲಾಡ್ಜ್ ಎಂಬ ಮಾತೂ ಮೊದಲು ಸೂಚಿಸಿದ್ದು ಕಟ್ಟಡದ ಪಕ್ಕದಲ್ಲಿ ಕಲ್ಲು ಕೆತ್ತಲು, ಉಪಕರಣ ಇಡಲು, ಬುತ್ತಿ ಉಣ್ಣಲು ಹಾಕಿಕೊಂಡ ಚಪ್ಪರವನ್ನು. ಮೂಲೆಮಟ್ಟದ ಮೊದಲ ಅರ್ಥ ಇಷ್ಟೇ: ಇವನಿಗೆ ಕೆಲಸ ಬರುತ್ತದೆ, ಇವನ ಕೂಲಿ ಇಳಿಸಬೇಡಿ.

ಹಾಗೆಂದು ಕೆಲಸಗಾರನಿಗೆ ನೀತಿಯ ಅರ್ಥ ಹೊಳೆಯಲಿಲ್ಲವೆಂದಲ್ಲ. ಐರ್ಲೆಂಡಿನ ಲಿಮರಿಕ್‌ನಲ್ಲಿ 1830ರಲ್ಲಿ ಹಳೆಯ ಸೇತುವೆಯೊಂದರ ಬುಡದಲ್ಲಿ ಹಿತ್ತಾಳೆಯ ಮೂಲೆಮಟ್ಟ ಸಿಕ್ಕಿತು. ಮಟ್ಟಕ್ಕೂ ಮೂಲೆಗೂ ತಪ್ಪದಂತೆ, ಪ್ರೀತಿಯಿಂದ, ಎಚ್ಚರದಿಂದ ಬಾಳುವೆನೆಂಬ ಸಂಕಲ್ಪವೊಂದನ್ನು ಅದರ ಮೇಲೆ ಕೆತ್ತಲಾಗಿದೆ. 1507 ಎಂಬ ಇಸವಿಯೂ ಇದೆ. ಉಪಕರಣ ಹಿಡಿದವನಿಗೆ ಉಪಮೆ ಹೊಳೆಯಲು ಬೇರೆಯವರ ಪಾಠ ಬೇಕಾಗಿರಲಿಲ್ಲ.

ಕೈ ಬದಲಾಯಿತು

ಹದಿನೇಳನೆಯ ಶತಮಾನದಲ್ಲಿ ಲಾಡ್ಜುಗಳಿಗೆ ಬೇರೆ ಜನ ಬರತೊಡಗಿದರು. 1646ರ ಅಕ್ಟೋಬರ್ 16ರಂದು ಎಲಿಯಾಸ್ ಆಶ್ಮೋಲ್ ವಾರಿಂಗ್ಟನ್ನಿನಲ್ಲಿ ತನ್ನನ್ನು ಫ್ರೀಮೇಸನ್ ಮಾಡಲಾಯಿತು ಎಂದು ದಿನಚರಿಯಲ್ಲಿ ಬರೆದುಕೊಂಡ. ಆತ ಹಳೆಯ ವಸ್ತುಗಳ ಸಂಗ್ರಾಹಕ, ಜ್ಯೋತಿಷ್ಯದ ಹುಚ್ಚಿನವ, ಕಲ್ಲು ಕೆತ್ತಿದವನಲ್ಲ. ಲಂಡನ್ನಿನ ಗೂಸ್ ಅಂಡ್ ಗ್ರಿಡಿರನ್ ಎಂಬ ಹೆಂಡದಂಗಡಿಯಲ್ಲಿ ನಾಲ್ಕು ಲಾಡ್ಜುಗಳು ಕೂಡಿ ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡದ್ದು 1717ರ ಜೂನ್ 24ರಂದು ಎಂದು ಆ ಸಂಸ್ಥೆಯ ಪರಂಪರೆ ಹೇಳುತ್ತದೆ. 1723ರಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಪಾದ್ರಿ ಅದಕ್ಕೆ ಸಂವಿಧಾನ ಬರೆದ. ಅದರಲ್ಲಿ ಜ್ಯಾಮಿತಿಯ ವಂಶಾವಳಿಯನ್ನು ಆದಾಮನಿಂದಲೇ ಆರಂಭಿಸಿದ. ಕೂಲಿಯ ಮಾತು ಹಿಂದೆ ಸರಿದು ವಂಶದ ಮಾತು ಮುಂದೆ ಬಂತು.

ಈಗಿನ ಇಂಗ್ಲಿಷ್ ಪದ್ಧತಿಯಲ್ಲಿ ಉಪಕರಣಗಳನ್ನು ಡಿಗ್ರಿಗಳಿಗೆ ಹಂಚಿದ್ದಾರೆ. ಮೊದಲನೆಯದಕ್ಕೆ ಇಪ್ಪತ್ನಾಲ್ಕು ಅಂಗುಲದ ಅಳತೆಪಟ್ಟಿ, ಸುತ್ತಿಗೆ, ಉಳಿ. ಎರಡನೆಯದಕ್ಕೆ ಮೂಲೆಮಟ್ಟ, ರಸಮಟ್ಟ, ತೂಗುಗುಂಡು. ಮೂರನೆಯದಕ್ಕೆ ದಾರ ಸುತ್ತಿದ ಗೂಟ, ಸೀಸಕಡ್ಡಿ, ಕೈವಾರ. ಅಳತೆಪಟ್ಟಿ ಎಂದರೆ ದಿನದ ಇಪ್ಪತ್ನಾಲ್ಕು ಗಂಟೆ, ಮೂಲೆಮಟ್ಟ ಎಂದರೆ ಸನ್ನಡತೆ, ರಸಮಟ್ಟ ಎಂದರೆ ಸಮಾನತೆ, ತೂಗುಗುಂಡು ಎಂದರೆ ನೆಟ್ಟಗಿನ ಬಾಳು. ಕಟ್ಟೆಯ ಮೇಲೆ ತೆರೆದಿಟ್ಟ ಧರ್ಮಗ್ರಂಥದ ಮೇಲೆ ಎರಡೂ ಉಪಕರಣ ಕೂತಿರುತ್ತವೆ. ಮೊದಲ ಡಿಗ್ರಿಯಲ್ಲಿ ಕೈವಾರದ ಎರಡೂ ಮೊನೆಗಳು ಮೂಲೆಮಟ್ಟದ ಅಡಿಯಲ್ಲಿ, ಎರಡನೆಯದರಲ್ಲಿ ಒಂದು ಮೊನೆ ಮೇಲೆ, ಮೂರನೆಯದರಲ್ಲಿ ಎರಡೂ ಮೇಲೆ. ಮೂಲೆಮಟ್ಟ ನೆಲದ ಸಂಗತಿ, ಕೈವಾರ ಆತ್ಮದ ಸಂಗತಿ. ಒಬ್ಬ ಏರಿದಂತೆ ಆತ್ಮ ನೆಲದಿಂದ ಬಿಡಿಸಿಕೊಳ್ಳುತ್ತದೆ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ವ್ಯಾಖ್ಯಾನ ಚೆನ್ನಾಗಿಯೇ ಇದೆ. ಆದರೆ ಅದೇ ಎಲ್ಲವನ್ನೂ ಹೇಳಿಬಿಡುತ್ತದೆ: ಮೇಲಕ್ಕೆ ಏರುವುದೆಂದರೆ ಮೂಲೆಮಟ್ಟವನ್ನು ಕೆಳಗೆ ಬಿಡುವುದು.

ಮಟ್ಟವಿಲ್ಲದ ನೆಲ

ರಸಮಟ್ಟ ಸಮಾನತೆಯ ಚಿಹ್ನೆಯಾದರೆ ಅದನ್ನು ಈ ನೆಲದ ಮೇಲಿಟ್ಟಾಗ ಏನಾಯಿತು ಎಂದು ನೋಡಬೇಕು. ಮುಂಬಯಿಯ ಪಾರ್ಸಿ ಗಣ್ಯ ಮಾನಕ್‌ಜೀ ಕರ್ಸೆಟ್‌ಜೀಗೆ ಇಲ್ಲಿನ ಯುರೋಪಿಯನ್ನರ ಲಾಡ್ಜು ಬಾಗಿಲು ತೆರೆಯಲಿಲ್ಲ. ಆತ ಪ್ಯಾರಿಸ್ಸಿಗೆ ಹೋಗಿ ದೀಕ್ಷೆ ಪಡೆಯಬೇಕಾಯಿತು. ಕೊನೆಗೆ 1843ರಲ್ಲಿ ಡಾ. ಜೇಮ್ಸ್ ಬರ್ನ್ಸ್ ಭಾರತೀಯರಿಗಾಗಿ ಮುಂಬಯಿಯಲ್ಲಿ ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಲಾಡ್ಜನ್ನು ಹುಟ್ಟುಹಾಕಿದ. ಕಲಕತ್ತೆಯಲ್ಲಿ ಹಿಂದೂಗಳು ಬಹುದೇವರನ್ನು ಪೂಜಿಸುವವರು, ಅವರ ಪ್ರಮಾಣ ನಂಬಲಾಗದು ಎಂಬ ತಕರಾರು ವರ್ಷಗಟ್ಟಲೆ ನಡೆಯಿತು. ಪ್ರಸನ್ನ ಕುಮಾರ ದತ್ತ ಅಲ್ಲಿ ಪ್ರವೇಶ ಪಡೆದದ್ದು 1872ರಲ್ಲಿ. ನರೇಂದ್ರನಾಥ ದತ್ತ, ಮುಂದಿನ ವಿವೇಕಾನಂದರು, ಅಲ್ಲಿಯ ಲಾಡ್ಜೊಂದನ್ನು ಸೇರಿದ್ದು 1884ರಲ್ಲಿ.

ಬಾಗಿಲು ತೆರೆಯಿತು, ನಿಜ. ಯಾರಿಗೆ? ವಕೀಲರಿಗೆ, ವ್ಯಾಪಾರಿಗಳಿಗೆ, ಸಂಸ್ಥಾನದ ಅರಸರಿಗೆ, ಅಧಿಕಾರಿಗಳಿಗೆ. 1723ರ ನಿಯಮದ ಪ್ರಕಾರ ಸದಸ್ಯ ಸ್ವತಂತ್ರನಾಗಿಯೇ ಹುಟ್ಟಿದವನಾಗಿರಬೇಕು. ಜೀತದಾಳಿಗೂ ಹೆಂಗಸಿಗೂ ಪ್ರವೇಶವಿಲ್ಲ. ‘ಸ್ವತಂತ್ರನಾಗಿ ಹುಟ್ಟಿದವ’ ಎಂಬುದನ್ನು ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜು ‘ಸ್ವತಂತ್ರ’ ಎಂದಷ್ಟೇ ತಿದ್ದಿದ್ದು 1847ರಲ್ಲಿ. ಗುಲಾಮಗಿರಿಯಿಂದ ಬಿಡುಗಡೆ ಪಡೆದವರು ಆ ತನಕ ಹೊರಗೆ. ಉಪಕರಣ ಕಾರ್ಮಿಕನದು, ನಿಯಮ ಯಜಮಾನನದು.

ಇದಕ್ಕೆ ಫ್ರೀಮೇಸನರ ಉತ್ತರ ಬಲವಾಗಿಯೇ ಇದೆ, ಅದನ್ನು ಕೇಳಿಸಿಕೊಳ್ಳಬೇಕು. ಚಿಹ್ನೆಗಳಿಗೆ ಯಾರೂ ಹಕ್ಕುಪತ್ರ ಬರೆದುಕೊಂಡಿಲ್ಲ. ನೇಗಿಲು ಹಿಡಿಯದ ಕವಿಯೂ ನೇಗಿಲ ಉಪಮೆ ಬಳಸುತ್ತಾನೆ. 1961ರ ನವೆಂಬರ್ 24ರಂದು ಹುಟ್ಟಿದ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾದ ಲಾಡ್ಜುಗಳಲ್ಲಿ ಗೀತೆ, ಕುರಾನ್, ಬೈಬಲ್, ಗ್ರಂಥ ಸಾಹಿಬ್, ಅವೆಸ್ತಾ ಒಟ್ಟಿಗೆ ತೆರೆದಿರುತ್ತವೆ. ಸಹಪಂಕ್ತಿಯೇ ಪಾಪವಾಗಿದ್ದ ಕಾಲದಲ್ಲಿ ಬೇರೆ ಬೇರೆ ಮತದವರು ಒಂದೇ ಹಾಲಿನಲ್ಲಿ ಸೋದರರೆಂದು ಕರೆದುಕೊಂಡರು. ಆಸ್ಪತ್ರೆ, ವಿದ್ಯಾರ್ಥಿವೇತನದಂಥ ದಾನಧರ್ಮವೂ ನಡೆಯುತ್ತದೆ.

ಇದೆಲ್ಲ ನಿಜ. ಆದರೂ ಆಕ್ಷೇಪ ಹಾಗೇ ಉಳಿಯುತ್ತದೆ. ನೇಗಿಲ ಉಪಮೆ ಬಳಸಿದ ಕವಿ ‘ನಾನೇ ಒಕ್ಕಲಿಗ, ನನ್ನಜ್ಜ ಉಳುಮೆ ಕಲಿಸಿದ ಮೂಲಪುರುಷ’ ಎಂದು ಪ್ರಮಾಣ ಮಾಡುವುದಿಲ್ಲ. ಲಾಡ್ಜು ಮಾಡುತ್ತದೆ. ತನ್ನನ್ನು ಮೇಸನರ ವಾರಸುದಾರ ಎಂದು ಕರೆದುಕೊಳ್ಳುತ್ತದೆ. ವಾರಸುದಾರನಿಗೆ ಆಸ್ತಿ ಬಂದ ಹಾಗೆ ಸಾಲವೂ ಬರುತ್ತದೆ. ರೀಜಿಯಸ್ ಪದ್ಯದಿಂದ ನೀತಿ ತೆಗೆದುಕೊಂಡವರು ಕೂಲಿಯ ನಿಯಮವನ್ನು ಅಲ್ಲೇ ಬಿಟ್ಟು ಬಂದರು. ದಾನ ಆ ಸಾಲ ತೀರಿಸದು. 1425ರ ಮೇಸನರು ಕೇಳಿದ್ದು ದಾನವನ್ನಲ್ಲ.

ಕುಂಕುಮ ಯಾರ ಹಣೆಗೆ

ಇಷ್ಟು ಓದಿ, ಪರದೇಶದವರ ಕಪಟ ಬಯಲಾಯಿತೆಂದು ಇಲ್ಲಿ ಯಾರೂ ಎದೆ ತಟ್ಟಿಕೊಳ್ಳಬೇಕಾಗಿಲ್ಲ. ಇಲ್ಲಿನ ಲೆಕ್ಕವೂ ಚುಕ್ತಾ ಆಗಿಲ್ಲ.

ವಾಸ್ತುಗ್ರಂಥಗಳು ಕಟ್ಟುವವರನ್ನು ಸ್ಥಪತಿ, ಸೂತ್ರಗ್ರಾಹಿ, ವರ್ಧಕಿ, ತಕ್ಷಕ ಎಂದು ನಾಲ್ಕು ದರ್ಜೆ ಮಾಡುತ್ತವೆ. ಸೂತ್ರಗ್ರಾಹಿ ಎಂದರೆ ಅಳತೆಯ ದಾರ ಹಿಡಿದವನು. ಸೂತ್ರಧಾರ ಎಂಬುದೂ ಶಿಲ್ಪಿಯ ಹೆಸರೇ, ಈಗ ಅದನ್ನು ನಾಟಕದವನಿಗಷ್ಟೇ ಬಿಟ್ಟುಕೊಟ್ಟಿದ್ದಾರೆ. ತೂಗುಗುಂಡಿಗೆ ಶಾಸ್ತ್ರದ ಹೆಸರು ಅವಲಂಬ. ಭಾಂಡುಪ್‌ನ ಗವಂಡಿ ಮರಾಠಿಯಲ್ಲಿ ‘ಓಳಂಬಾ’ ಎನ್ನುವಾಗ ಅವನ ಬಾಯಲ್ಲಿರುವುದು ಅದೇ ಪದ. ಮೂಲೆ ಹಿಡಿಯಲು ದಾರದಲ್ಲಿ ಮೂರಡಿ, ನಾಲ್ಕಡಿ ಗುರುತು ಹಾಕಿ ಅಡ್ಡ ಐದಡಿ ಬರುತ್ತದೆಯೇ ಎಂದು ಅವನು ನೋಡುತ್ತಾನೆ. ಬೌಧಾಯನ ಶುಲ್ಬಸೂತ್ರದಲ್ಲಿ ಯಜ್ಞವೇದಿಗೆ ಹಗ್ಗದಿಂದ ಅಳತೆ ಹೇಳಿದ್ದು ಈ ಲೆಕ್ಕವನ್ನೇ. ಇಂಗ್ಲಿಷ್ ಲಾಡ್ಜಿನ ನಿವೃತ್ತ ಮಾಸ್ಟರ್ ಕೊರಳಿಗೆ ಹಾಕುವ ಪದಕದಲ್ಲಿ ಮೂಲೆಮಟ್ಟಕ್ಕೆ ನೇತುಬಿದ್ದ ಚಿತ್ರವೂ ಇದೇ: ಯೂಕ್ಲಿಡನ ಮೊದಲ ಪುಸ್ತಕದ 47ನೆಯ ಪ್ರಮೇಯ. ಪುರೋಹಿತನಿಗೆ ಅದು ವೇದಿ, ಮಾಸ್ಟರನಿಗೆ ಅದು ಪದಕ, ಗವಂಡಿಗೆ ಅದು ಟೈಲ್ಸ್ ಕೂರಿಸುವ ನೆಲ. ಮೂವರಲ್ಲಿ ತಪ್ಪಿದರೆ ಕೂಲಿ ಕಳೆದುಕೊಳ್ಳುವವನು ಒಬ್ಬನೇ.

‘ಸಮರಾಂಗಣ ಸೂತ್ರಧಾರ’ ಎಂಬ ಹನ್ನೊಂದನೆಯ ಶತಮಾನದ ವಾಸ್ತುಗ್ರಂಥ ಧಾರಾನಗರದ ಭೋಜರಾಜನ ಹೆಸರಿನಲ್ಲಿದೆ. ಸೂತ್ರ ಹಿಡಿದವರ ಹೆಸರು ಬೇಕಾದರೆ ಕನ್ನಡ ನಾಡಿನ ಹೊಯ್ಸಳ ಗುಡಿಗಳಿಗೆ ಬರಬೇಕು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಹೆಸರನ್ನು ಕಲ್ಲಿನಲ್ಲೇ ಕೊರೆದಿದ್ದಾರೆ. ಇನ್ನೂ ದೊಡ್ಡ ಮಾತು ಕಲ್ಯಾಣದ ಶರಣರದು. ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ: ಕಸುಬನ್ನು ಹೆಸರಿನ ಮುಂದೆಯೇ ಇಟ್ಟುಕೊಂಡವರು. ಹುಟ್ಟು, ಬುಟ್ಟಿ, ಹಗ್ಗ ಅವರಿಗೆ ಉಪಮೆಯೂ ಹೌದು, ಹೊಟ್ಟೆಯ ಅನ್ನವೂ ಹೌದು. ಚೌಡಯ್ಯ ತನ್ನ ವಚನಗಳಿಗೆ ಅಂಕಿತವಾಗಿ ಇಟ್ಟದ್ದು ತನ್ನದೇ ಹೆಸರನ್ನು. ಉಪಕರಣಕ್ಕೆ ಅರ್ಥ ಹೇಳಿದವನೂ ಅದನ್ನು ಹಿಡಿದವನೂ ಒಬ್ಬನೇ ಆಗಿದ್ದ ಉದಾಹರಣೆ ಹನ್ನೆರಡನೆಯ ಶತಮಾನದಲ್ಲೇ, ಇಂದು ಭಾಂಡುಪ್‌ಗೆ ಕೂಲಿಯವರನ್ನು ಕಳಿಸುವ ಅದೇ ಸೀಮೆಯಲ್ಲಿ ಇತ್ತು.

ಆಮೇಲೆ ಉಳಿದದ್ದೇನು? ಮಹಾನವಮಿಗೆ ಆಯುಧಪೂಜೆ. ಉತ್ತರ ಕರ್ನಾಟಕದ ಖಂಡೇಪೂಜೆ, ಮಹಾರಾಷ್ಟ್ರದ ಖಂಡೇನವಮಿ. ಥಾಪಿ, ಗುನ್ಯಾ, ರಸಮಟ್ಟ ತೊಳೆದು, ಕುಂಕುಮ ಹಚ್ಚಿ, ಹೂವಿಟ್ಟು ಕೈಮುಗಿಯುತ್ತಾರೆ. ದುಡಿಯುವ ಉಪಕರಣವನ್ನೇ ಪೂಜಿಸುವ ಈ ಆಚರಣೆ ಲಾಡ್ಜಿನ ಬೆಳ್ಳಿ ಪದಕಕ್ಕಿಂತ ಸಾವಿರ ಪಾಲು ಜೀವಂತ. ಆದರೆ ಅಂದು ಉಪಕರಣಕ್ಕೆ ರಜೆ. ಹಿಡಿದವನಿಗೆ ಆ ದಿನದ ಕೂಲಿ ಇಲ್ಲ. ಪೂಜೆ ಗುನ್ಯಾಕ್ಕೆ ಸಲ್ಲುತ್ತದೆ, ಗವಂಡಿಗೆ ಸಲ್ಲುವುದಿಲ್ಲ. ಅರ್ಥವನ್ನು ಮೇಲೆತ್ತಿ ಕೈಯನ್ನು ಕೆಳಗೆ ಬಿಡುವ ಚಾಳಿ ಲಂಡನ್ನಿನದು ಮಾತ್ರವಲ್ಲ.

ತೊಂಬತ್ತು ದಿನದ ಗುಪ್ತಪದ

ಸ್ಕಾಟ್ಲೆಂಡಿನ ಮೇಸನ್ನನಿಗೆ ಗುಪ್ತಪದ ಇದ್ದಂತೆ ಇಂದಿನ ಗವಂಡಿಗೂ ಒಂದು ಗುರುತು ಬೇಕು: ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು. 1996ರ ಕಾನೂನಿನಿಂದ ನಿರ್ಮಾಣ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ವಸೂಲಾಗಿ ಮಂಡಳಿಗೆ ಸೇರುವ ವ್ಯವಸ್ಥೆ ಬಂತು. ಅದರಿಂದ ಮಕ್ಕಳ ಓದು, ಹೆರಿಗೆ, ಅಪಘಾತ, ಪಿಂಚಣಿಗೆ ನೆರವು ಸಿಗಬೇಕು. ಕಾರ್ಡು ಬೇಕೆಂದರೆ 18ರಿಂದ 60ರೊಳಗಿನ ಕಾರ್ಮಿಕ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ 90 ದಿನವನ್ನು ಉಳಿಸಿಕೊಂಡಿದೆ.

ದಿನಕ್ಕೊಬ್ಬ ಯಜಮಾನನ ಕೈಕೆಳಗೆ ದುಡಿಯುವ ನಾಕಾದ ಗವಂಡಿಗೆ ಆ 90 ದಿನಕ್ಕೆ ಸಹಿ ಹಾಕುವವರು ಯಾರು? ಸೋಮವಾರ ಒಬ್ಬರ ಬಚ್ಚಲುಮನೆಯ ಗೋಡೆ, ಗುರುವಾರ ಇನ್ನೊಬ್ಬರ ಅಡುಗೆಮನೆಯ ಕಟ್ಟೆ. ಸಂಜೆ ಕೂಲಿ ಎಣಿಸಿಕೊಟ್ಟವರು ಮರುದಿನ ಮುಖ ಗುರುತಿಸುವುದಿಲ್ಲ. ಮಳೆಗಾಲಕ್ಕೆ ಊರಿಗೆ ಹೋಗಿ ಬಿತ್ತನೆ ಮುಗಿಸಿ ಬರುವವನಿಗೆ ಕರ್ನಾಟಕದ ಮಂಡಳಿ ಒಂದು, ಮಹಾರಾಷ್ಟ್ರದ ಮಂಡಳಿ ಇನ್ನೊಂದು. ಎರಡು ಮನೆಯ ನೆಂಟ ಉಂಡನೆಂದು ಎರಡೂ ಮನೆಯವರು ತಿಳಿದ ಗಾದೆ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಈ ನಿಧಿಯ ಬಗ್ಗೆ ಖಾರವಾಗಿಯೇ ಬರೆಯಿತು: ದೇಶದಲ್ಲಿ ಅದುವರೆಗೆ ಕೂಡಿದ್ದು ₹37,400 ಕೋಟಿಗೂ ಹೆಚ್ಚು, ಕಾರ್ಮಿಕರಿಗೆ ಖರ್ಚಾದದ್ದು ಸುಮಾರು ₹9,500 ಕೋಟಿ. ಉಳಿದ ಹಣ ಯಾರ ಗುಟ್ಟಿನ ಮಂತ್ರಕ್ಕೆ ಕಾಯುತ್ತಿತ್ತೋ! ಜಗತ್ತಿನ ಮಹಾ ರಹಸ್ಯ ಹುಡುಕುವವರು ಫೋರ್ಟಿನ ಹಾಲಿನ ಕಿಟಕಿಗೆ ಕಣ್ಣಿಡಬೇಕಾಗಿಲ್ಲ. ಈ ಲೆಕ್ಕ ನೋಡಿದರೆ ಸಾಕು.

ಮಾಡಬೇಕಾದ ಕೆಲಸದಲ್ಲಿ ಗೂಢವೇನೂ ಇಲ್ಲ. ನಾಕಾದಲ್ಲೇ ಹಾಜರಿ ದಾಖಲಿಸುವ ವ್ಯವಸ್ಥೆ ಬೇಕು. ಒಂದು ರಾಜ್ಯದ ಕಾರ್ಡನ್ನು ಇನ್ನೊಂದು ರಾಜ್ಯ ಮಾನ್ಯ ಮಾಡಬೇಕು. ಮುಂಬಯಿಯ ಕನ್ನಡ ಸಂಘಗಳಿಗೆ ನಾಡಹಬ್ಬ, ಯಕ್ಷಗಾನ, ಸನ್ಮಾನಗಳಲ್ಲಿ ಕೈ ಪಳಗಿದೆ. ಹೋಟೆಲಿನ ಹುಡುಗರಿಗೆ ರಾತ್ರಿಶಾಲೆ ನಡೆಸಿದ ಹಿರಿಮೆ ಇಲ್ಲಿನ ಕನ್ನಡಿಗರಿಗಿದೆ. ಅದೇ ಹಿರಿಮೆ ವಾರಕ್ಕೊಂದು ಬೆಳಿಗ್ಗೆ ಅರ್ಜಿಯ ಕಟ್ಟು ಹಿಡಿದು ನಾಕಾಕ್ಕೆ ಬಂದರೆ ಮರಾಠಿ ಫಾರ್ಮು ಓದಲಾರದ ಯಾದಗಿರಿಯ ಗವಂಡಿಗೆ ಅದೇ ದೀಕ್ಷೆ. ಲಾಡ್ಜಿನವರೂ ಬರಲಿ. ಆರುನೂರು ವರ್ಷದ ಬಾಕಿ ತೀರಿಸಲು ಅದಕ್ಕಿಂತ ಒಳ್ಳೆಯ ಜಾಗ ಅವರಿಗೆ ಸಿಗದು.

ಮೂಲೆಮಟ್ಟಕ್ಕೆ ಅರ್ಥ ಹೇಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಮೂಲೆಮಟ್ಟದ ಕೆಲಸ ಒಂದೇ: ಗೋಡೆ ವಾಲಿದ್ದರೆ ವಾಲಿದೆ ಎಂದು ಹೇಳುವುದು. ಅದನ್ನು ಕೊರಳಿಗೆ ಹಾಕಿಕೊಂಡವರೂ, ಅದರಲ್ಲಿ ಷಟ್ಕೋಣ ಕಂಡವರೂ, ವರ್ಷಕ್ಕೊಮ್ಮೆ ಕುಂಕುಮ ಹಚ್ಚುವವರೂ ಒಮ್ಮೆ ಅದನ್ನು ತಾವು ಕಟ್ಟಿಕೊಂಡ ಊರಿನ ಮೂಲೆಗೆ ಇಟ್ಟು ನೋಡಲಿ. ಭಾಂಡುಪ್‌ನ ಗವಂಡಿಗೆ ಆ ಮೂಲೆ ಎಷ್ಟು ವಾಲಿದೆಯೆಂದು ಮೊದಲೇ ಗೊತ್ತು.